ಬೀಭತ್ಸದಿಂದ ಕರುಣಕ್ಕೆ: 'ವಿವಿಸೆಕ್ಟ್ ಸಿಕ್ಸ್' ಧ್ವನಿಮುದ್ರಿಕೆಯ ವಿಮರ್ಶೆ

ಕೆನಡಾದ ವ್ಯಾಂಕೂವರ್ ನಗರದ ಸ್ಕಿನ್ನಿ ಪಪ್ಪಿ ತಂಡವು 1988ರಲ್ಲಿ ಹೊರತಂದ 'ವಿವಿಸೆಕ್ಟ್ ಸಿಕ್ಸ್' ಎಂಬ ಧ್ವನಿಮುದ್ರಿಕೆಯನ್ನು ಮೊದಲ ಸಲ ಕೇಳಿದಾಗ ನಮ್ಮಲ್ಲಿ ಹುಟ್ಟಿದ್ದು ಹೇವರಿಕೆಯೇ. ಗಾಯಕ ಓಗರನ ಕಂಠವನ್ನು ಯಂತ್ರಗಳ ಮೂಲಕ ಹಾಯಿಸಿ ಎಷ್ಟು ವಿಕೃತಗೊಳಿಸಲಾಗಿದೆಯೆಂದರೆ, ಅನೇಕ ಕಡೆ ಪದಗಳೇ ತಿಳಿಯವು. ಕೇಳುವುದು ಬರಿಯ ಗುರುಗುಟ್ಟುವಿಕೆ, ನರಳಿಕೆ. ಇದು ಕೃತಿಯ ದೋಷವೆಂದು ನಾವು ಮೊದಲು ಭಾವಿಸಿದ್ದೆವು. ಈಗ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗಿದೆ.

ಜೀವಂತ ಪ್ರಾಣಿಗಳ ಮೇಲೆ ನಡೆಯುವ ಛೇದನಪ್ರಯೋಗದ ಖಂಡನೆ ಈ ಕೃತಿಯ ಕೇಂದ್ರ. ವಿಷಾನಿಲ, ಆಸ್ಪತ್ರೆಯ ಕಸ ಮೊದಲಾದುವು ಅದರ ಸುತ್ತ ಬಂದ ವಿಷಯಗಳು. ಅದರ ಆಂಗ್ಲ ಹೆಸರಿನ ಅಕ್ಷರಗಳಲ್ಲಿ ರೋಮನ್ ಲಿಪಿಯ ಆರು ಮೂರು ಬಾರಿ ಅಡಗಿದ್ದು, ಬೈಬಲ್ಲಿನಲ್ಲಿ ಕೇಡಿನ ಮೃಗಕ್ಕೆ ಹೇಳಿದ ಸಂಖ್ಯೆಯನ್ನು ನೆನಪಿಗೆ ತರುತ್ತದೆ. ಜಾಣತನವೇನೋ ಹೌದು; ಅದಕ್ಕಿಂತ ಹೆಚ್ಚಿನ ಬೆಲೆಯನ್ನು ನಾವು ಇದಕ್ಕೆ ಕೊಡಲಾರೆವು.

ವಿಚಾರಕ್ಕೆ ಅರ್ಹವಾದದ್ದು ರಚನಾವಿಧಾನ. ಎಲೆಕ್ಟ್ರೋ-ಇಂಡಸ್ಟ್ರಿಯಲ್ ಎನಿಸಿಕೊಂಡ ಈ ಪ್ರಕಾರದಲ್ಲಿ ಸಿಂಥಸೈಜರ್, ತಾಳಯಂತ್ರಗಳ ಜೊತೆಗೆ ಸ್ಯಾಂಪ್ಲರ್ ಎಂಬ ಉಪಕರಣವೂ ಮುಖ್ಯವಾದುದು. ಚಲನಚಿತ್ರದ ಮಾತನ್ನೋ ಯಂತ್ರದ ಸದ್ದನ್ನೋ ಅದರ ಸಂದರ್ಭದಿಂದ ತುಂಡರಿಸಿ ತೆಗೆದು, ಬೇಕಾದ ಶ್ರುತಿಯಲ್ಲಿ ನುಡಿಸಲು ಅದು ಅನುಕೂಲ. ಎಂದಮೇಲೆ, ಛೇದನವನ್ನು ಖಂಡಿಸುವ ಈ ಕೃತಿ ತಾನೇ ಛೇದನದಿಂದ ಹುಟ್ಟಿದೆ. ಕೆವಿನ್ ಕೀ ಮತ್ತು ಡ್ವೇನ್ ಗೆಟೆಲ್ ಹೆಣೆದ ನಾದದ ಜಾಲದಲ್ಲಿ ಮನುಷ್ಯಕಂಠವೂ ಮೇಜಿಗೆ ಕಟ್ಟಿದ ಪ್ರಾಣಿಯಂತೆ ಮಾತು ಕಳೆದುಕೊಳ್ಳುತ್ತದೆ. ಮಾತಿಲ್ಲದ ಜೀವದ ಪರವಾಗಿ ಸ್ಫುಟವಾದ ಮಾತುಗಳಲ್ಲಿ ವಾದಿಸಿದ್ದರೆ ಕೃತಿ ಭಾಷಣವಾಗುತ್ತಿತ್ತು.

ಆದರೆ ಜುಗುಪ್ಸೆ ಎಲ್ಲೆಡೆಯೂ ಕರುಣಕ್ಕೆ ತಿರುಗಿದೆಯೆಂದು ಹೇಳಲಾಗದು. ಹಲವು ಭಾಗಗಳಲ್ಲಿ ಗದ್ದಲವು ಗದ್ದಲವಾಗಿಯೇ ಉಳಿದು ಕಿವಿ ದಣಿಯುತ್ತದೆ. ಇದೇ ತೊಡಕು ರಂಗದ ಮೇಲೂ ಕಾಣಿಸಿಕೊಂಡಿತು. 1988ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಓಗರನು ಬೊಂಬೆನಾಯಿಯೊಂದನ್ನು ಕೊಯ್ಯುವ ಅಭಿನಯ ಮಾಡಿದಾಗ, ಅದು ನಿಜವಾದ ನಾಯಿಯೆಂದು ನಂಬಿದ ಪ್ರೇಕ್ಷಕರೊಬ್ಬರ ದೂರಿನಿಂದ ಪೊಲೀಸರು ಬಂದು ತಂಡದವರನ್ನು ಬಂಧಿಸಿದರು. ಅಲ್ಲಿ ಸಾಧಾರಣೀಕರಣ ನಡೆಯಲಿಲ್ಲವೆಂದು ನಮ್ಮ ಲಾಕ್ಷಣಿಕರು ಹೇಳಿಯಾರು. ಆದರೂ ಆ ಪ್ರೇಕ್ಷಕರನ್ನು ಅರಸಿಕರೆಂದು ಕರೆಯಲು ನಮಗೆ ಮನಸ್ಸು ಬಾರದು.

ಕೃತಿಯ ನಿಜವಾದ ಸಿದ್ಧಿ 'ಟೆಸ್ಚರ್' ಎಂಬ ಹಾಡಿನಲ್ಲಿದೆ. ಪರೀಕ್ಷೆ, ಚಿತ್ರಹಿಂಸೆ ಎಂಬ ಅರ್ಥದ ಎರಡು ಆಂಗ್ಲ ಪದಗಳು ಈ ಹೆಸರಿನಲ್ಲಿ ಕೂಡಿಕೊಂಡಂತಿವೆ. ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡ ಎರಡು ನಾಯಿಗಳ ಕಥೆಯನ್ನು ರಿಚರ್ಡ್ ಆಡಮ್ಸ್ 1977ರಲ್ಲಿ ಕಾದಂಬರಿಯಾಗಿ ಬರೆದಿದ್ದರು. ಅದನ್ನು ಆಧರಿಸಿ 1982ರಲ್ಲಿ ಬಂದ 'ದಿ ಪ್ಲೇಗ್ ಡಾಗ್ಸ್' ಎಂಬ ಚಿತ್ರದ ಮಾತಿನ ತುಣುಕುಗಳು ಇಲ್ಲಿ ಸೇರಿವೆ. ಇಲ್ಲಿ ರಾಗ ಸ್ಪಷ್ಟ, ಕಂಠ ತಕ್ಕಮಟ್ಟಿಗೆ ತಿಳಿ. ಬೇರೆಡೆ ಮನುಷ್ಯನು ಮೃಗದಂತೆ ನರಳಿದರೆ, ಇಲ್ಲಿ ನಾಯಿಗಳೇ ಮಾತನಾಡುತ್ತವೆ. ಕೇಳುಗನ ಹೇವರಿಕೆ ಹಿಂದೆ ಸರಿದು, ಅದರ ಜಾಗಕ್ಕೆ ಮರುಕ ಬರುತ್ತದೆ.

ಈ ಹಾಡು 1989ರಲ್ಲಿ ಅಮೆರಿಕದ ನೃತ್ಯಶಾಲೆಗಳ ಜನಪ್ರಿಯಪಟ್ಟಿಯನ್ನೂ ಸೇರಿತು. ತಾಳಕ್ಕೆ ಹೆಜ್ಜೆಯಿಟ್ಟವರ ಕಿವಿಗೆ ಆ ನಾಯಿಗಳ ಮಾತು ಬಿದ್ದಿತೇ ಎಂಬ ಶಂಕೆ ನಮ್ಮನ್ನು ಇನ್ನೂ ಬಿಟ್ಟಿಲ್ಲ.