ದಿನಕ್ಕೊಂದು ಪದ್ಯ

ಬೂದಿಕೋಟೆ ಎಂದರೆ ಹೈದರಾಲಿ ಹುಟ್ಟಿದ ಊರೆಂದಷ್ಟೇ ಹೊರಗಿನವರಿಗೆ ಗೊತ್ತು. ನಮ್ಮ ಮನೆಗಳಲ್ಲಿ ಹೈದರನಿಗಿಂತ ಹೆಚ್ಚು ಓಡಾಡುವವರು ನಮ್ಮ ಜಿಲ್ಲೆಯದೇ ಮುಳಬಾಗಿಲಿನ ಡಿವಿಜಿ. 'ಮಂಕುತಿಮ್ಮನ ಕಗ್ಗ'ದ ಒಂದು ಪದ್ಯ ಓದಿಯೇ ಒಲೆ ಹಚ್ಚುವ ಗೃಹಿಣಿಯರಿದ್ದಾರೆ. ಒಳ್ಳೆಯ ರೂಢಿಯೇ. ಆದರೆ ಯಾವ ಪದ್ಯ? ಕ್ಯಾಲೆಂಡರಿನಲ್ಲೂ ಮದುವೆಯ ಕರೆಯೋಲೆಯಲ್ಲೂ ಬರುವ ಅದೇ ನಾಲ್ಕಾರು.

1943ರ ಈ ಪುಸ್ತಕದಲ್ಲಿ 945 ಪದ್ಯಗಳಿವೆ. ಮೊದಲ ಪುಟಗಳಲ್ಲೇ ಕವಿ ದೇವರನ್ನೂ ಬಾಳಿನ ಅರ್ಥವನ್ನೂ ಪ್ರಶ್ನೆಗೆ ಒಡ್ಡುತ್ತಾರೆ. ಆ ಕಹಿ ಬಿಟ್ಟು ಬರೀ ಸಿಹಿ ಆರಿಸಿಕೊಂಡರೆ ಕಗ್ಗ ಉಪದೇಶದ ಡಬ್ಬಿಯಾಗುತ್ತದೆ.

ಯಹೂದಿಗಳಲ್ಲಿ 'ದಫ್ ಯೋಮಿ' ಎಂಬ ಪದ್ಧತಿಯಿದೆ. ಪೋಲೆಂಡಿನ ಧರ್ಮಗುರು ಮೇಯರ್ ಶಪಿರೋ 1923ರಲ್ಲಿ ಸೂಚಿಸಿದ್ದು. ತೋರಾದ ನಿಯಮಗಳನ್ನು ಚರ್ಚಿಸುವ ತಾಲ್ಮುದ್ ಗ್ರಂಥದಿಂದ ದಿನಕ್ಕೊಂದು ಹಾಳೆ; ಒಟ್ಟು 2711, ಸುಮಾರು ಏಳೂವರೆ ವರ್ಷ. ಹಬ್ಬದ ವಿಧಿಯಿರಲಿ, ಎತ್ತು ಹಾಯ್ದ ನಷ್ಟದ ತಕರಾರಿರಲಿ, ಹಾರಿಸುವಂತಿಲ್ಲ. ಇಬ್ಬರು ಎದುರುಬದುರು ಕೂತು ವಾದಿಸುತ್ತಾ ಓದುವುದು ಅವರ ಹಳೆಯ ಕ್ರಮ. ಬಹುಕಾಲ ಗಂಡಸರದ್ದೇ ಆಗಿದ್ದ ಈ ಓದಿನ ಒಂದು ಸುತ್ತು ಮುಗಿದಾಗ, 2020ರ ಜನವರಿಯಲ್ಲಿ, ಜೆರುಸಲೇಮಿನಲ್ಲಿ ಸಾವಿರಾರು ಹೆಂಗಸರು ಸೇರಿ ಸಂಭ್ರಮಿಸಿದರು.

ಕಗ್ಗವನ್ನು ಹೀಗೆ ಸರದಿ ತಪ್ಪದೆ ಓದಿದರೆ ಎರಡು ವರ್ಷ ಏಳು ತಿಂಗಳು ಸಾಕು. ಒಪ್ಪದ ಪದ್ಯ ಬಂದ ದಿನ ಪಕ್ಕದ ಮನೆಯಾಕೆಯ ಜೊತೆ ಜಗಳವೂ ಆಗಬಹುದು, ಆಗಲಿ.