ದಂತಗೋಪುರದ ಊಟ

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಬಾರ್ಟನ್ ಸೆಂಟರ್ ಎಂಬ ಬಹುಮಹಡಿ ಕಟ್ಟಡವಿದೆ. ಅದರ ಮೇಲಿನ ಅಂತಸ್ತುಗಳಲ್ಲಿ ತೆರೆದ ಹೋಟೆಲಿಗೆ ಇಟ್ಟ ಹೆಸರು ಐವರಿ ಟವರ್. 13ನೇ ಅಂತಸ್ತಿನ ರೆಸ್ಟೋರೆಂಟಿಗೆ ಇಟ್ಟದ್ದು ಎಬೊನಿ. ಒಂದು ದಂತ, ಇನ್ನೊಂದು ಕರಿಮರ. ಕನ್ನಡ ಸಾಹಿತ್ಯ ಓದಿಕೊಂಡವರಿಗೆ ಮೊದಲ ಹೆಸರು ಕೇಳಿದರೆ ಸಣ್ಣ ನಗು ಬರದೆ ಇರದು. ಬಂಡಾಯದ ಕಾಲದಲ್ಲಿ ಲೇಖಕನೊಬ್ಬನನ್ನು ಬೈಯಬೇಕಾದರೆ ‘ದಂತಗೋಪುರದವನು’ ಎಂದರೆ ಸಾಕಿತ್ತು. ಜನರಿಂದ ದೂರ ಕುಳಿತವನೆಂಬುದೇ ಅವನ ಮೇಲಿನ ಆರೋಪ. ಹೋಟೆಲಿನ ಲೋಕದಲ್ಲಿ ಅದೇ ದೂರಕ್ಕೆ ದರಪಟ್ಟಿಯಿದೆ.

ಎತ್ತರದಲ್ಲಿ ಕುಳಿತು ಉಣ್ಣುವುದು ಬೆಂಗಳೂರಿಗೆ ಹೊಸದೇನಲ್ಲ. ಅದೇ ರಸ್ತೆಯಲ್ಲಿ 1973ರಲ್ಲಿ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಎದ್ದಾಗ ನಾಡಿನ ಮೂಲೆಮೂಲೆಯಿಂದ ಬಂದವರು ಕತ್ತೆತ್ತಿ ನೋಡುತ್ತಿದ್ದರು. ಅದರ ನೆತ್ತಿಯ ಮೇಲೆ ಬಂದ ರೆಸ್ಟೋರೆಂಟಿನ ಹೆಸರು ಟಾಪ್‌ಕಾಪಿ. ಈ ಹೆಸರು ಇಸ್ತಾಂಬುಲ್‌ನದು. 1453ರಲ್ಲಿ ಆ ನಗರವನ್ನು ಗೆದ್ದ ಸುಲ್ತಾನ್ ಎರಡನೆಯ ಮೆಹಮ್ಮದ್, ಬಾಸ್ಫರಸ್ ಕಾಣುವ ದಿಬ್ಬದ ಮೇಲೆ ಕಟ್ಟಿಸಿದ ಅರಮನೆ ಅದು. ಆದರೆ ಆ ಅರಮನೆಯ ಅಡುಗೆಮನೆ ಸುಲ್ತಾನನೊಬ್ಬನಿಗಾಗಿ ಇರಲಿಲ್ಲ. ಸಾವಿರಾರು ಜನರ ಅನ್ನ ಅಲ್ಲಿ ಬೇಯುತ್ತಿತ್ತು. ಜಾನಿಸರಿ ಎಂಬ ಸೈನಿಕರು ಸಿಟ್ಟಾದರೆ ತಮ್ಮ ಅಡುಗೆ ಹಂಡೆಯನ್ನು ಬೋರಲು ಹಾಕುತ್ತಿದ್ದರು. ‘ನಿನ್ನ ಅನ್ನ ನಮಗೆ ಬೇಡ’ ಎಂಬ ಆ ಸೂಚನೆಗೆ ಸುಲ್ತಾನರೇ ನಡುಗುತ್ತಿದ್ದರು. ಮೇಲಿನವನ ಊಟಕ್ಕೂ ಕೆಳಗಿನವನ ಊಟಕ್ಕೂ ಅಲ್ಲಿ ಒಂದು ನಂಟಿತ್ತು. ನಮ್ಮ ನಗರಕ್ಕೆ ಬಂದದ್ದು ಹೆಸರು ಮಾತ್ರ. ಆಮೇಲೆ ಎತ್ತರ ಏರುತ್ತಲೇ ಹೋಯಿತು. ಮಲ್ಲೇಶ್ವರದ ಮಗ್ಗುಲಿನ ವರ್ಲ್ಡ್ ಟ್ರೇಡ್ ಸೆಂಟರಿನ 31ನೇ ಅಂತಸ್ತಿಗೂ ಊಟದ ಮೇಜುಗಳು ಹೋದವು.

ಇಂಥ ಕಡೆ ಏನನ್ನು ಬಡಿಸುತ್ತಾರೆ? ಮೆನು ಓದಿದರೆ ಕೆಳಗೆ ಸಿಗದ ಪದಾರ್ಥ ಕಡಿಮೆ. ಕಬಾಬಾಗಲಿ ಬಿರಿಯಾನಿಯಾಗಲಿ ಹದಿಮೂರು ಅಂತಸ್ತು ಏರಿದ ಮಾತ್ರಕ್ಕೆ ರುಚಿ ಬದಲಿಸುವುದಿಲ್ಲ. ಬೆಲೆ ಏರುವುದು ಕಿಟಕಿಯಿಂದ. ಒಳಗೆ ದೀಪ ಜೋರಾಗಿದ್ದರೆ ರಾತ್ರಿ ಹೊತ್ತು ಗಾಜು ಕನ್ನಡಿಯಾಗಿ ನಮ್ಮದೇ ಮುಖ ತೋರಿಸುತ್ತದೆ. ಆದ್ದರಿಂದ ಗಾಜಿನ ಕಿಟಕಿಯ ಕೋಣೆಗಳಲ್ಲಿ ಬೆಳಕನ್ನು ತಗ್ಗಿಸುತ್ತಾರೆ. ಊರು ಚೆನ್ನಾಗಿ ಕಾಣಬೇಕಾದರೆ ತಟ್ಟೆ ಮಬ್ಬಾಗಬೇಕು. ಉಣ್ಣುವವನೂ ಏನು ಉಂಡೆನೆಂದು ಹೇಳುವುದಿಲ್ಲ, ಏನು ಕಂಡೆನೆಂದು ಹೇಳುತ್ತಾನೆ.

ಕಂಡದ್ದಾದರೂ ಏನು? 2011ರ ಅಕ್ಟೋಬರಿನಿಂದ ಈ ರಸ್ತೆಯ ಮೇಲೆ ಮೆಟ್ರೊ ಓಡುತ್ತಿದೆ. ಮೇಲಿನಿಂದ ಅದು ಮಕ್ಕಳ ಆಟಿಕೆ. ಅದರೊಳಗೆ ಒಂಟಿಕಾಲಿನಲ್ಲಿ ನಿಂತವನ ಬೆವರು ಕಾಣುವುದಿಲ್ಲ. ಕಿಕ್ಕಿರಿದ ವಾಹನಗಳು ದೀಪಗಳ ಸಾಲಾಗುತ್ತವೆ. ಹಾರ್ನ್ ಇಲ್ಲ, ಚರಂಡಿಯ ವಾಸನೆ ಇಲ್ಲ, ಕೈ ಚಾಚುವವರಿಲ್ಲ. ನಗರದಲ್ಲಿ ಯಾವುದು ನಮ್ಮನ್ನು ಕಾಡುತ್ತದೆಯೋ ಅದನ್ನೆಲ್ಲ ಸೋಸಿ ತೆಗೆದ ನಗರ ಇದು. ಕತೆಗಾರನೊಬ್ಬ ಹೀಗೆ ಬರೆದರೆ ನಾವು ಒಪ್ಪುತ್ತೇವೆಯೆ?

ರಾಯಚೂರು ಸೀಮೆಯವರಿಗೆ ಈ ಪ್ರಶ್ನೆ ದೂರದ್ದಲ್ಲ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿ, ನಮ್ಮ ಯರಗೇರಾ ಕಡೆಯ ಹಳ್ಳಿಗಳಿಂದ ಕುಟುಂಬಗಳು ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತವೆ. ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ, ಮರಳು, ಸಿಮೆಂಟು ಹೊತ್ತವರಲ್ಲಿ ಇವರಿದ್ದಾರೆ. ಗಾಜು ಕೂರಿಸುವ ಮೊದಲು ಆ ಎತ್ತರದಿಂದ ನಗರವನ್ನು ನೋಡಿದವರು, ಅಲ್ಲೇ ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಉಂಡವರು ಇಂಥವರೇ. ಗಾಜು ಬಂದ ಮೇಲೆ ಅವರು ನೋಟದ ಭಾಗವಾಗುತ್ತಾರೆ, ಅದೂ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ. 2020ರ ಲಾಕ್‌ಡೌನಿನಲ್ಲಿ ಅವರು ಮೂಟೆ ಹೊತ್ತು ಊರ ಕಡೆ ಹೊರಟಾಗಲೇ ಎಷ್ಟು ಜನರಿದ್ದರೆಂಬುದು ನಗರಕ್ಕೆ ಕಂಡದ್ದು.

ಎತ್ತರದಿಂದ ನೋಡುವುದಕ್ಕೂ ಒಂದು ಅದಬು ಇದೆ. ರಾಯಚೂರಿನ ಏಕ್ ಮಿನಾರ್ ಮಸೀದಿ 1513ರ ಸುಮಾರಿನದು, ಬಹಮನಿ ಮಹಮೂದ್ ಶಾಹನ ಕಾಲದ್ದು. ಸುಮಾರು 65 ಅಡಿಯ ಮಿನಾರಿನ ಒಳಮೆಟ್ಟಿಲು ಹತ್ತಿದರೆ ಇಡೀ ಪಟ್ಟಣ ಕಾಣುತ್ತದೆ. ಮಿನಾರಿನಿಂದ ಮನೆಗಳ ಅಂಗಳವೂ ಕಾಣುತ್ತದೆ ಎಂಬುದನ್ನು ಹಳಬರು ಮರೆತಿರಲಿಲ್ಲ. 19ನೇ ಶತಮಾನದ ಕೈರೋದಲ್ಲಿ ಅಜಾನ್ ಕೂಗಲು ಕಣ್ಣು ಕಾಣದವರನ್ನೇ ಹೆಚ್ಚಾಗಿ ನೇಮಿಸುತ್ತಿದ್ದರೆಂದು ಎಡ್ವರ್ಡ್ ಲೇನ್ ಬರೆದಿದ್ದಾನೆ. ಮೇಲೆ ನಿಂತವನ ಕಣ್ಣಿಗೂ ಕೆಳಗಿನವರ ಹಕ್ಕು ತಾಗುತ್ತದೆ ಎಂಬ ತಿಳಿವಳಿಕೆ ಅದು. ನಮ್ಮ ಮಾಳಿಗೆಗಳಲ್ಲಿಯೂ ಅದೇ ರೀತಿ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ದಸ್ತರಖಾನ್ ಹಾಸಿದರೆ ಪಕ್ಕದ ಮಾಳಿಗೆಯಿಂದ ‘ಊಟ ಆತೇನ್ರಿ?’ ಎಂದು ಕೇಳುತ್ತಾರೆ. ನೋಡುವವನು ತಾನೂ ಕಾಣುತ್ತಾನೆ, ಉತ್ತರ ಕೊಡಬೇಕಾಗುತ್ತದೆ.

ಹಾಗೆಂದು ತನ್ನ ಊರನ್ನು ಒಮ್ಮೆ ಇಡಿಯಾಗಿ ನೋಡಬೇಕೆಂಬ ಆಸೆ ಕೆಟ್ಟದ್ದೇನಲ್ಲ. ಮದುವೆಯ ವಾರ್ಷಿಕೋತ್ಸವಕ್ಕೆ ತಿಂಗಳುಗಟ್ಟಲೆ ಹಣ ಕೂಡಿಟ್ಟು ಕಿಟಕಿಯ ಪಕ್ಕದ ಮೇಜು ಹಿಡಿದ ಗುಮಾಸ್ತ ದಂಪತಿಯನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಅವರ ಖುಷಿ ನಿಜವಾದದ್ದು. ನನ್ನ ತಕರಾರು ಇರುವುದು ಎತ್ತರವೆಲ್ಲ ಬಿಲ್ಲಿನ ಹಿಂದೆ ಸೇರಿಕೊಳ್ಳುವುದರ ಬಗ್ಗೆ. ಲಾಲ್‌ಬಾಗಿನ ಬಂಡೆಯನ್ನೇ ನೋಡಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಕಲ್ಲಿನ ಮೇಲೆ, ಕೆಂಪೇಗೌಡ ಗೋಪುರದ ಬಳಿ ಕುಳಿತು, ಕಡಲೆಕಾಯಿ ಬಿಡಿಸುತ್ತ ಊರು ನೋಡುವವರಲ್ಲಿ ಕೂಲಿಯವನೂ ಇರುತ್ತಾನೆ, ಕಂಪ್ಯೂಟರಿನವನೂ ಇರುತ್ತಾನೆ. ಮುಂದೆ ಏಳುವ ಪ್ರತಿ ಗೋಪುರದ ತುದಿಯಲ್ಲೂ ಅಂಥದೊಂದು ಮೂಲೆಯನ್ನು ಎಲ್ಲರಿಗೂ ಬಿಟ್ಟುಕೊಡಬೇಕೆಂದು ಪಾಲಿಕೆಗಳು ಏಕೆ ಕೇಳಬಾರದು? ಹಾಗಾದರೆ ಕಟ್ಟಿದವನು ತನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ, ತಾನು ಕೆಲಸ ಮಾಡಿದ ಜಾಗ ಇದೇ ಎಂದು ತೋರಿಸಬಹುದು.