ಹೇಳದೆ ಬಿಟ್ಟಾಗ ನಡೆಯುವುದು: ಬ್ಯಾಕಪ್ ಸಾಧನಗಳ ಡಿಫಾಲ್ಟನ್ನು ಕುರಿತ ಒಂದು ವಿಮರ್ಶೆ

ಬಳಕೆದಾರನು ಏನನ್ನೂ ಹೇಳದಿದ್ದಾಗ ಸಾಧನವು ತಾನಾಗಿ ಅನುಸರಿಸುವ ಕ್ರಮಕ್ಕೆ ಡಿಫಾಲ್ಟ್ ಎಂದು ಹೆಸರು. ಡೇಟಾಬೇಸ್ ಬ್ಯಾಕಪ್ಪಿನಲ್ಲಿ ಇದರ ದೋಷವು ಪ್ರತಿಯನ್ನು ತೆಗೆದ ದಿನ ಕಾಣುವುದಿಲ್ಲ. ಮೂಲವು ನಷ್ಟವಾಗಿ ಆ ಪ್ರತಿಯೇ ಗತಿಯಾದ ದಿನ ಕಾಣುತ್ತದೆ. ಆದ್ದರಿಂದ ಇದನ್ನು ಬರಿಯ ಅನುಕೂಲದ ಪ್ರಶ್ನೆಯೆನ್ನುವವರ ಮಾತನ್ನು ನಾವು ಒಪ್ಪಲಾರೆವು.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪಿಜಿ_ಬೇಸ್‌ಬ್ಯಾಕಪ್ ಎಂಬ ಸಾಧನವನ್ನು ನೋಡೋಣ. ಅದು 2011ರಲ್ಲಿ 9.1ನೆಯ ಆವೃತ್ತಿಯೊಡನೆ ಬಂದಿತು. ಬಳಕೆಯಲ್ಲಿರುವ ಡೇಟಾಬೇಸಿನ ಕಡತಗಳನ್ನು ಅದು ನಕಲು ಮಾಡುತ್ತದೆ. ನಕಲು ಮುಗಿಯುವಷ್ಟರಲ್ಲಿ ಮೊದಲು ತೆಗೆದ ಕಡತಗಳು ಮೂಲದಲ್ಲಿ ಬದಲಾಗಿರಬಹುದು. ಈ ಅಂತರವನ್ನು ತುಂಬಿಕೊಡುವುದು ವಾಲ್ ಎಂಬ ಲಾಗ್. ವರ್ತಕರ ಲೆಕ್ಕದಲ್ಲಿ ಖತಾವಣಿಗೆ ಕಿರ್ದಿ ಹೇಗೋ ಕಡತಗಳಿಗೆ ಇದು ಹಾಗೆ. ಹೀಗಿದ್ದೂ 9.6ನೆಯ ಆವೃತ್ತಿಯವರೆಗೆ, ಬೇರೆ ಹೇಳದ ಹೊರತು, ಸಾಧನವು ಕಿರ್ದಿಯನ್ನು ಬಿಟ್ಟು ಖತಾವಣಿಯನ್ನು ಮಾತ್ರ ತರುತ್ತಿತ್ತು. ಲಾಗನ್ನು ಪ್ರತ್ಯೇಕವಾಗಿ ಸಂಗ್ರಹಿಸುವ ಏರ್ಪಾಡುಳ್ಳವರಿಗೆ ಅದು ಸಾಕಾಗಿತ್ತು. ಉಳಿದವರ ಕೈಗೆ ಬಂದುದು ಪುನಃಸ್ಥಾಪನೆಗೆ ಒದಗದ ಪ್ರತಿ. ಪರಿಣತರಿಗೆ ಒಪ್ಪುವುದನ್ನು ಹೊಸಬರ ಮೇಲೆ ಸದ್ದಿಲ್ಲದೆ ಹೊರಿಸಿದುದು ತಪ್ಪೆಂದೇ ನಮ್ಮ ಮತ.

2017ರಲ್ಲಿ 10ನೆಯ ಆವೃತ್ತಿಯು ಈ ಕ್ರಮವನ್ನು ಬದಲಿಸಿತು. ನಕಲು ನಡೆಯುತ್ತಿರುವಾಗಲೇ ಲಾಗೂ ಇನ್ನೊಂದು ಸಂಪರ್ಕದಲ್ಲಿ ಬರತೊಡಗಿತು. ಬೇಡವೆಂಬವನು ಅದನ್ನು ಬಾಯಿಬಿಟ್ಟು ಹೇಳಬೇಕಾಯಿತು. ಲಾಗನ್ನು ಕಳುಹಿಸಲು ಸರ್ವರು ಅನುಮತಿಸುವ ಸಂಪರ್ಕಗಳ ಡಿಫಾಲ್ಟ್ ಸಂಖ್ಯೆಯೂ ಅದೇ ಆವೃತ್ತಿಯಲ್ಲಿ 0ಯಿಂದ 10ಕ್ಕೆ ಏರಿತು. ಸಾಧನವನ್ನು ಮಾತ್ರ ತಿದ್ದಿ ಸರ್ವರನ್ನು ಹಾಗೆಯೇ ಬಿಟ್ಟಿದ್ದರೆ ಸುಧಾರಣೆಯು ಅರ್ಧಕ್ಕೆ ನಿಲ್ಲುತ್ತಿತ್ತು. ಹಳೆಯದೊಂದು ಆಯ್ಕೆಯನ್ನು ತೆಗೆದುಹಾಕಿದುದರಿಂದ ಅದನ್ನು ಬಳಸಿದ್ದ ಸ್ಕ್ರಿಪ್ಟುಗಳು ಕೆಲಸ ಮಾಡದಾದುವು. ಇದನ್ನು ನಾವು ದೋಷವೆಂದು ಎಣಿಸುವುದಿಲ್ಲ. ದೋಷವನ್ನು ಸಾರಿ ನಿಲ್ಲುವ ಸ್ಕ್ರಿಪ್ಟನ್ನು ಅಂದೇ ತಿದ್ದಬಹುದು.

ಮುಂದಿನ ಹೆಜ್ಜೆಯಲ್ಲಿ ಈ ಹೊಂದಿಕೆ ಕಾಣದು. 2018ರ 11ನೆಯ ಆವೃತ್ತಿಯಿಂದ ಈ ಸಾಧನವು ದತ್ತಾಂಶ ಪುಟಗಳ ಚೆಕ್‌ಸಮ್ಮನ್ನು ತಾನಾಗಿ ಪರೀಕ್ಷಿಸುತ್ತದೆ. ಆದರೆ ಹೊಸ ಡೇಟಾಬೇಸಿನಲ್ಲಿ ಚೆಕ್‌ಸಮ್ ತಾನಾಗಿ ಇರುವಂತಾದುದು 2025ರ 18ನೆಯ ಆವೃತ್ತಿಯಲ್ಲಿ. ನಡುವಣ ಏಳು ವರ್ಷ, ಕೇಳಿ ಪಡೆದವರ ಹೊರತು ಉಳಿದವರ ಪಾಲಿಗೆ, ಕಾವಲುಗಾರನಿದ್ದನು, ಕಾಯುವ ವಸ್ತುವಿರಲಿಲ್ಲ!

ಮೈಎಸ್‌ಕ್ಯೂಎಲ್‌ನ ಸ್ಥಿತಿ ಬೇರೆ. ಅಲ್ಲಿ 2010ರ 5.5ನೆಯ ಆವೃತ್ತಿಯಲ್ಲಿಯೇ ಇನ್ನೊಡಿಬಿಯು ಮೈಐಸ್ಯಾಮ್‌ನ ಸ್ಥಾನಕ್ಕೆ ಬಂದಿತು. ಮೈಎಸ್‌ಕ್ಯೂಎಲ್‌ಡಂಪ್ ಮಾತ್ರ ಇಂದಿಗೂ, ಬೇರೆ ಹೇಳದಿದ್ದರೆ, ಒಂದೊಂದು ಡೇಟಾಬೇಸಿನ ಕೋಷ್ಟಕಗಳಿಗೆ ಬೇರೆಬೇರೆಯಾಗಿ ಬೀಗ ಹಾಕಿಯೇ ಪ್ರತಿ ತೆಗೆಯುತ್ತದೆ. ಬೀಗವಿಲ್ಲದೆ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ತೆಗೆಯುವ ಕ್ರಮವನ್ನು ಕೇಳಿ ಪಡೆಯಬೇಕು. ಇದಕ್ಕೆ ಸಕಾರಣವಿಲ್ಲದಿಲ್ಲ: ಮೈಐಸ್ಯಾಮ್ ಕೋಷ್ಟಕಗಳಿಗೆ ಆ ಕ್ರಮವು ಸುಸಂಗತ ಪ್ರತಿಯನ್ನು ಕೊಡಲಾರದು, ಡಿಫಾಲ್ಟನ್ನು ಬದಲಿಸಿದರೆ ಅಂಥವರು ತಿಳಿಯದೆಯೇ ಕೆಡುವರು. ಆದರೆ ಯಾವ ಕೋಷ್ಟಕ ಯಾವ ಎಂಜಿನ್ನಿನದೆಂಬುದನ್ನು ಸರ್ವರನ್ನು ಕೇಳಿ ತಿಳಿಯಬಹುದಾದ ಸಾಧನವು, ಅದನ್ನು ಕೇಳಿ ಬಳಕೆದಾರನನ್ನು ಎಚ್ಚರಿಸಬಾರದೇಕೆಂಬುದಕ್ಕೆ ನಮಗೆ ಉತ್ತರ ತೋರಲಿಲ್ಲ.